ಗೂಬೆ ಕೂತದ್ದು ವಾಲಿದವನ ಮೇಲೆ

ಸಂಜೆ ಏಳರ ಸುಮಾರಿಗೆ ನಮ್ಮ ಬೀದಿಯ ತಿರುವಿನಲ್ಲಿ ‘ಕರ್ರರ್’ ಎಂದು ಸದ್ದಾದರೆ ಸಾಕು, ನಾಲ್ಕನೇ ಮನೆಯಲ್ಲಿರುವ ನನ್ನ ಅಕ್ಕ ಎದ್ದು ಸಾರು ಬಿಸಿಗಿಡುತ್ತಾಳೆ. ಮಗ ಬಂದ ಎಂದರ್ಥ. ಹಾರನ್ ಬೇಡ, ಫೋನೂ ಬೇಡ. ಅಲ್ಲಿನ ರಸ್ತೆ ಹಂಪಿನ ಮೇಲೆ ಅವನ ಕಾರು ಹೊಟ್ಟೆ ಉಜ್ಜಿಕೊಳ್ಳುವ ಸದ್ದು ಬೀದಿಗೆಲ್ಲ ಪರಿಚಿತ. ಎದುರು ಮನೆಯ ಅಜ್ಜಿಯಂತೂ ಅದನ್ನು ಕೇಳಿಯೇ ರಾತ್ರಿಯ ಮಾತ್ರೆ ನುಂಗುತ್ತಾರೆ.

ಕಾರು 2012ರ ಸ್ವಿಫ್ಟು, ಸೆಕೆಂಡ್ ಹ್ಯಾಂಡು. ಕೊಂಡಾಗ ಚೆನ್ನಾಗಿಯೇ ಇತ್ತು. ಆದರೆ ಅಳಿಯನ ಕಣ್ಣಿಗೆ ಅದರಲ್ಲೊಂದು ಐಬು ಕಂಡಿತು. ಟೈರಿಗೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ ಸಂದು. ಆ ಸಂದಿನಲ್ಲಿ ನಾಲ್ಕು ಬೆರಳು ಹೋಗುತ್ತವಂತೆ. “ಏನು ಮಾಮ ಇದು, ಪಂಚೆ ಮೇಲಕ್ಕೆ ಕಟ್ಟಿಕೊಂಡು ನೀರಲ್ಲಿ ನಡೆಯೋ ಹಾಗೆ ಕಾಣತ್ತೆ” ಅಂದ. ನಾನು ಈ ಊರಲ್ಲಿ ಮಳೆಗಾಲ ಕಂಡವನು. ಪಂಚೆ ಮೇಲಕ್ಕೆ ಕಟ್ಟಿಕೊಂಡಿರುವುದೇ ಕ್ಷೇಮವಪ್ಪ ಅಂದೆ. ಮಾಮಂದಿರ ಮಾತನ್ನು ಯಾವ ಅಳಿಯ ಕೇಳಿದ್ದಾನೆ? ಜೆ.ಸಿ. ರಸ್ತೆಯ ಕಡೆ ಎರಡು ಶನಿವಾರ ಓಡಾಡಿ, ಗಿಡ್ಡ ಸ್ಪ್ರಿಂಗುಗಳ ಒಂದು ಸೆಟ್ಟು ತಂದು ಹಾಕಿಸಿಯೇ ಬಿಟ್ಟ. ಗಾಡಿ 40 ಮಿಲಿಮೀಟರು ಕೆಳಗೆ ಕೂತಿತು.

ಅವನಿಗೊಂದು ಮೆಚ್ಚುಗೆ ಸಲ್ಲಬೇಕು. ಗೆಳೆಯನೊಬ್ಬ “ಇದಕ್ಕೆಲ್ಲ ದುಡ್ಡು ಯಾಕೆ, ಗ್ರೈಂಡರ್ ಹಿಡಿದು ಇರೋ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸು” ಎಂದಿದ್ದನಂತೆ. ಕೇಳಲಿಲ್ಲ. ಹಾಗೆ ಕತ್ತರಿಸಿದ ಸ್ಪ್ರಿಂಗಿಗೆ ತುದಿ ಸರಿಯಾಗಿ ಕೂರಲು ಜಾಗವಿರುವುದಿಲ್ಲ. ಜಾಕ್ ಕೊಟ್ಟು ಎತ್ತಿದರೆ ತನ್ನ ಗೂಡಿನಿಂದ ಜಾರಿ ಬಂದೀತು. ಕುತ್ತಿಗೆ ಮುರಿದುಕೊಳ್ಳುವ ವಿದ್ಯೆಯಲ್ಲೂ ಒಳ್ಳೆಯದು ಕೆಟ್ಟದ್ದು ಅಂತ ಇರುತ್ತದೆ ನೋಡಿ.

ಗಾಡಿ ಇಳಿಸುವ ಈ ಹುಚ್ಚು ನಮ್ಮ ಹುಡುಗರ ಸ್ವಂತದ್ದೇನೂ ಅಲ್ಲ. ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮೂಲದ ಹುಡುಗರು ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ ಕಾರನ್ನು ನೆಲಕ್ಕೆ ತಾಗಿಸುತ್ತಿದ್ದ ಕಾಲವಿತ್ತು. ಚಕ್ರದ ರಿಮ್ಮಿನ ಕೆಳತುದಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರಕೂಡದು ಎಂದು ಕ್ಯಾಲಿಫೋರ್ನಿಯ 1958ರಲ್ಲಿ ಕಾನೂನು ತಂದಿತು. ಮರುವರ್ಷವೇ ರಾನ್ ಅಗೀರೆ ಎಂಬ ತರುಣ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಕಾರು ಎದ್ದು ನಿಲ್ಲುತ್ತಿತ್ತು, ಅವರು ಅತ್ತ ಹೋದರೆ ಮತ್ತೆ ಕೂರುತ್ತಿತ್ತು. ಹೆಡ್‌ಮಾಸ್ತರರು ಬಂದಾಗ ನಮ್ಮ ತರಗತಿ ಮಾಡುತ್ತಿದ್ದದ್ದೂ ಅದನ್ನೇ. ಇನ್ನು ಜಪಾನಿನ ಒಂದು ಪಂಗಡದವರು ಚಕ್ರಗಳನ್ನು ಎಷ್ಟು ವಾಲಿಸುತ್ತಾರೆಂದರೆ ಟೈರಿನ ಒಳ ಅಂಚೊಂದೇ ನೆಲ ಮುಟ್ಟುತ್ತದೆ. ಆ ಶೈಲಿಗೆ ‘ಓನಿಕ್ಯಾನ್’ ಎಂದು ಹೆಸರು. ಓನಿ ಎಂದರೆ ರಾಕ್ಷಸ. ಹಣದ ಮಟ್ಟಿಗಂತೂ ಹೆಸರು ಅನ್ವರ್ಥ.

ನಮ್ಮ ಅಳಿಯನದು ಅಂಥ ರಾಕ್ಷಸ ವಾಲು ಅಲ್ಲ, ಸಾಧು ವಾಲು. ಆದರೂ 8,000 ಕಿಲೋಮೀಟರು ಓಡುವಷ್ಟರಲ್ಲಿ ಒಂದು ದಿನ ಪಂಕ್ಚರ್ ಅಂಗಡಿಯವನು ಮುಂದಿನ ಟೈರು ಬಿಚ್ಚಿ, ಒಳಮೈ ತಿರುಗಿಸಿ ತೋರಿಸಿದ. ಹೊರ ಅಂಚಿನಲ್ಲಿ ಹೊಸ ಟೈರಿನ ಕಳೆ. ಒಳ ಅಂಚು ಮಾತ್ರ ಬೋಳು, ಅದರಲ್ಲಿ ತಂತಿ ಇಣುಕುತ್ತಿದೆ. ಎದುರಿನಿಂದ ಕ್ರಾಪು, ಹಿಂದಿನಿಂದ ಬಕ್ಕತಲೆ. ಮಾಮೂಲಿಯಾಗಿ 40 ಸಾವಿರ ಓಡಬೇಕಾದ ಟೈರು, ಐದನೇ ಒಂದು ಭಾಗ ಓಡಿ ಸಂನ್ಯಾಸ ತೆಗೆದುಕೊಂಡಿತ್ತು. ಹೊಸ ಟೈರಿನ ಹಲ್ಲುಗಳ ನಡುವಿನ ತೋಡು ಏಳೆಂಟು ಮಿಲಿಮೀಟರು ಆಳ ಇರುತ್ತದೆ. ಅದು 1.6ಕ್ಕೆ ಇಳಿದರೆ ಟೈರಿನ ಆಯಸ್ಸು ಮುಗಿಯಿತೆಂದು ಲೆಕ್ಕ. ಅದನ್ನು ಹೇಳಲೆಂದೇ ತೋಡಿನ ತಳದಲ್ಲಿ ಪುಟ್ಟ ದಿಣ್ಣೆಗಳನ್ನಿಟ್ಟು, ಪಕ್ಕದಲ್ಲಿ ಟಿಡಬ್ಲ್ಯುಐ ಎಂದು ಅಚ್ಚೊತ್ತಿರುತ್ತಾರೆ. ಆದರೆ ಟೈರಿನ ಒಳ ಅಂಚನ್ನು ಯಾರು ನೋಡುತ್ತಾರೆ? ನಾವೆಲ್ಲ ಟೈರು ನೋಡುವುದು ನೆಂಟರ ಮನೆ ನೋಡಿದ ಹಾಗೆ, ಹೊರಗಿನ ಜಗಲಿಯಷ್ಟೇ.

ಸುದ್ದಿ ಬೀದಿಗೆ ಹಬ್ಬಿತು. ನಮ್ಮಲ್ಲಿ ಬಾನೆಟ್ಟು ತೆರೆದಿಟ್ಟ ಕಾರು ಮತ್ತು ಬಾಯಿ ತೆರೆದ ರೋಗಿ ಎರಡಕ್ಕೂ ಡಾಕ್ಟರುಗಳ ಕೊರತೆಯಿಲ್ಲ. ಹಾಲಿನವರು “ಗಾಳಿ ಕಮ್ಮಿ” ಅಂದರು. ಗಾಳಿ ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ. ಹೆಚ್ಚಾದರೆ ನಡು ಸವೆಯುತ್ತದೆ. ಇಲ್ಲಿ ಹೋಗಿರುವುದು ಒಳ ಅಂಚೊಂದೇ. ಇಸ್ತ್ರಿಯವರು “ಶಾಕ್ಸ್ ಹೋಗಿದೆ” ಅಂದರು. ಶಾಕ್ ಅಬ್ಸಾರ್ಬರ್ ಹೋದರೆ ಟೈರು ಅಲ್ಲಲ್ಲಿ ಕುಳಿ ಬಿದ್ದು ಪಡ್ಡಿನ ಹಂಚಿನಂತಾಗುತ್ತದೆ, ಇದು ಹಾಗಿಲ್ಲ. ಕೊನೆಗೆ ಎದುರು ಮನೆಯ ಅಜ್ಜಿ ಗೇಟಿನಿಂದಲೇ ಕಾರಿನ ಮೂತಿ ನೋಡಿ, “ಅಯ್ಯೋ, ಚಕ್ರ ವಾಲಿದೆಯಲ್ಲೋ!” ಅಂದರು.

ಎಲ್ಲರೂ ಕುಕ್ಕರಗಾಲಲ್ಲಿ ಕೂತು ನೋಡಿದರು. ಹೌದು, ಮುಂದಿನ ಎರಡು ಚಕ್ರಗಳ ನೆತ್ತಿ ಒಳಕ್ಕೆ ವಾಲಿತ್ತು. ಸ್ವಿಫ್ಟಿನಂಥ ಕಾರುಗಳಲ್ಲಿ ಮುಂದಿನ ಚಕ್ರವನ್ನು ಮೇಲಿನಿಂದ ಒಂದು ಕಂಬ ಹಿಡಿದಿರುತ್ತದೆ, ಕೆಳಗಿನಿಂದ ಒಂದು ತೋಳು. ಗಾಡಿ ಕೆಳಗೆ ಕೂತಾಗ ಕೆಳತೋಳು ತಿರುಗಿ ಚಕ್ರದ ಬುಡವನ್ನು ಹೊರಕ್ಕೆ ತಳ್ಳುತ್ತದೆ, ನೆತ್ತಿ ಒಳಕ್ಕೆ ಬಾಗುತ್ತದೆ. ಅದಕ್ಕೆ ಕ್ಯಾಂಬರ್ ಎಂದು ಹೆಸರು. ಒಳಕ್ಕೆ ವಾಲಿದೆ, ಒಳ ಅಂಚು ಸವೆದಿದೆ. ಇನ್ನೇನು ಬೇಕು? ಕಳ್ಳನ ಕೈಯಲ್ಲೇ ಚೊಂಬು ಸಿಕ್ಕಂತಾಯಿತು. ಬೀದಿಯ ನ್ಯಾಯಸ್ಥಾನ ಅಲ್ಲೇ ತೀರ್ಪು ಕೊಟ್ಟಿತು. ಕ್ಯಾಂಬರ್ ತಲೆಯ ಮೇಲೆ ಗೂಬೆ ಕೂತಿತು.

ಅಳಿಯ ಎರಡು ಹೊಸ ಟೈರು ಹಾಕಿಸಿದ, ವೀಲ್ ಅಲೈನ್‌ಮೆಂಟ್ ಮಾಡಿಸಿದ. ವಾರ ಕಳೆದ ಮೇಲೆ, ವಾಲು ತಿದ್ದಲಿಕ್ಕೆ ಕ್ಯಾಂಬರ್ ಬೋಲ್ಟು ತಂದ. ಕಂಬವನ್ನೂ ಚಕ್ರದ ಗೆಣ್ಣನ್ನೂ ಬಿಗಿಯುವ ಎರಡು ಬೋಲ್ಟುಗಳಲ್ಲಿ ಒಂದನ್ನು ತೆಗೆದು, ನಡುವೆ ಕೊಂಚ ಉಬ್ಬಿರುವ ಇದನ್ನು ಹಾಕುವುದು. ಇದನ್ನು ತಿರುಗಿಸಿದರೆ ಚಕ್ರದ ನೆತ್ತಿ ಹೊರಕ್ಕೆ ಬರುತ್ತದೆ. ಬಂತು. ಚಕ್ರ ಎನ್.ಸಿ.ಸಿ. ಹುಡುಗನ ಹಾಗೆ ನೆಟ್ಟಗೆ ನಿಂತಿತು. ಅಜ್ಜಿ ಗೇಟಿನಿಂದಲೇ ಪಾಸು ಮಾಡಿದರು. “ಬೋಲ್ಟು ಹಾಕಿದ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿದೆಯಾ?” ಎಂದು ನಾನು ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ. ಕೇಳಿದ್ದರೂ “ಹೋದ ವಾರ ತಾನೇ ಮಾಡಿಸಿದ್ದೆ ಮಾಮ” ಎಂಬ ಉತ್ತರ ಬರುತ್ತಿತ್ತು. ಕೆಲವು ನೂರು ರೂಪಾಯಿ ಉಳಿಸಿ ಕೆಲವು ಸಾವಿರ ಕಳೆಯುವುದು ನಮ್ಮ ವಂಶದ ಗುಣ, ತಾಯಿಯ ಕಡೆಯಿಂದ ಬಂದದ್ದು.

ಐದು ಸಾವಿರ ಕಿಲೋಮೀಟರಿಗೆ ಮತ್ತೆ ತಂತಿ ಕಂಡಿತು. ನೆಟ್ಟಗೆ ನಿಲ್ಲಿಸಿದ ಚಕ್ರ ವಾಲಿದ್ದ ಚಕ್ರಕ್ಕಿಂತ ಬೇಗ ಟೈರು ತಿಂದಿತ್ತು!

ಆಗ ಎದ್ದು ಬಂದವರು ನನ್ನ ಭಾವ. ಇವರ ವಿಷಯ ಮೊದಲೇ ಹೇಳಬೇಕಿತ್ತು. ಭಾವ ನಿವೃತ್ತ ಓವರ್‌ಸಿಯರು. ರಸ್ತೆಯ ಹಂಪುಗಳನ್ನು ನಿಯಮದ ಪ್ರಕಾರ ಹಾಕಿಸುವುದರಲ್ಲಿ ಅರ್ಧ ಆಯಸ್ಸು ಕಳೆದವರು. ಅವರ ಕಾಲದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಲ್ಲಿ ಹಂಪು ಎಂದರೆ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು. ಅದರ ಮೇಲೆ ಗಂಟೆಗೆ 25 ಕಿಲೋಮೀಟರಿನಲ್ಲಿ ಹಾಯಾಗಿ ದಾಟಬಹುದು. ಇದನ್ನು ಅವರು ಗಾಯತ್ರಿಯಂತೆ ಜಪಿಸುತ್ತಾರೆ. ನಮ್ಮ ತಿರುವಿನ ಹಂಪು ಯಾವ ನಿಯಮಕ್ಕೂ ಸೇರಿದ್ದಲ್ಲ, ಬೀದಿಯವರೇ ಒಂದು ಭಾನುವಾರ ಉಳಿದ ಸಿಮೆಂಟಿನಲ್ಲಿ ಕಟ್ಟಿದ್ದು. ಅದನ್ನು ಕಂಡರೆ ಭಾವ ಮುಖ ತಿರುಗಿಸುತ್ತಾರೆ. ಅಪ್ಪ ಜೀವಮಾನವಿಡೀ ನೆಲ ಎತ್ತರಿಸಿದರು, ಮಗ ಗಾಡಿ ಇಳಿಸಿದ. ಈ ಮನೆಯಲ್ಲಿ ತಲೆಮಾರಿನ ಸಂಘರ್ಷಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಭಾವ ಹಳೆಯ ಟ್ರಂಕು ತೆರೆದರು. ಹೊರಬಂದವು ಮೇಸ್ತ್ರಿ ದಾರ, ತೂಗುಗುಂಡು, ಉಕ್ಕಿನ ಅಡಿಪಟ್ಟಿ, ಹತ್ತು ಗಜ ಪ್ಲಾಸ್ಟಿಕ್ ಕೊಳವೆ. “ಅಪ್ಪ, ಲೇಸರ್ ಮೆಷಿನ್ ಇದೆ ಈಗ” ಎಂದು ಅಳಿಯ ನಕ್ಕ. “ಮೆಷಿನ್ ಇತ್ತು, ನೀನು ಅದರ ಮೇಲೆ ಮತ್ತೆ ಗಾಡಿ ನಿಲ್ಲಿಸಲಿಲ್ಲ. ದಾರ ಆದರೆ ಮನೆಗೇ ಬರತ್ತೆ” ಅಂದರು ಭಾವ.

ಮೊದಲು ಕೊಳವೆಗೆ ನೀರು ತುಂಬಿ ಪೋರ್ಟಿಕೋದ ಮಟ್ಟ ನೋಡಿದರು. ಮಳೆ ನೀರು ಹರಿಯಲೆಂದು ತಾವೇ ಕೊಟ್ಟಿದ್ದ ಇಳಿಜಾರು. ತಗ್ಗಿನ ಚಕ್ರಗಳ ಕೆಳಗೆ ಹೆಂಚಿನ ಚೂರು ಇಟ್ಟು ನಾಲ್ಕನ್ನೂ ಒಂದೇ ಮಟ್ಟಕ್ಕೆ ತಂದರು. ಆಮೇಲೆ, “ಓಡಿಸುವಾಗ ಇವನು ಒಳಗೆ ಇರುತ್ತಾನಲ್ಲ, ಅಳೆಯುವಾಗಲೂ ಆ ಭಾರ ಇರಬೇಕು” ಎಂದರು. ಇವನೇ ಕೂರಬಹುದಿತ್ತು. ಆದರೆ ಕೂತರೆ ಅಡಿಪಟ್ಟಿ ಹಿಡಿಯುವವರು ಯಾರು? ಅಕ್ಕನ ಸೋನಾ ಮಸೂರಿಯ 25 ಕಿಲೋ ಮೂಟೆಗಳು ಮೂರು ಡ್ರೈವರ್ ಸೀಟು ಏರಿದವು. ಅಕ್ಕ ಬಾಗಿಲಲ್ಲಿ ನಿಂತು, “ಮೂವರೂ ಸೇರಿ ಇವನಿಗಿಂತ ಚೆನ್ನಾಗಿ ಓಡಿಸ್ತಾರೆ ಬಿಡಿ” ಅಂದಳು.

ತೂಗುಗುಂಡು ರಿಮ್ಮಿನ ಪಕ್ಕ ಇಳಿಬಿದ್ದಿತು. ಬೋಲ್ಟು ಹಾಕುವ ಮೊದಲು ನೆತ್ತಿಗೂ ಬುಡಕ್ಕೂ 10 ಮಿಲಿಮೀಟರು ವ್ಯತ್ಯಾಸವಿತ್ತೆಂದು ಅಳಿಯನ ಹಳೆಯ ಅಲೈನ್‌ಮೆಂಟ್ ಚೀಟಿಯ ಡಿಗ್ರಿ ನೋಡಿ ಭಾವ ಲೆಕ್ಕ ಹಾಕಿದರು. ಅಂದರೆ ಸುಮಾರು ಒಂದೂವರೆ ಡಿಗ್ರಿ. ಈಗ ಇರುವುದು ನಾಲ್ಕೇ ಮಿಲಿಮೀಟರು. “ವಾಲು ಹೋಗಿದೆ. ಹಾಗಾದರೆ ಟೈರು ತಿಂದವನು ಅವನಲ್ಲ.”

ಇನ್ನು ದಾರ. ಕಾರಿನ ಎರಡೂ ಪಕ್ಕಕ್ಕೆ, ಚಕ್ರದ ನಡುಮಟ್ಟದಲ್ಲಿ, ಒಂದಕ್ಕೊಂದು ಸಮಾಂತರವಾಗಿ ದಾರ ಬಿಗಿದರು. ಸ್ಟೇರಿಂಗು ನೇರ. ದಾರದಿಂದ ರಿಮ್ಮಿನ ಹಿಂದಂಚಿಗೆ ಎಷ್ಟು, ಮುಂದಂಚಿಗೆ ಎಷ್ಟು? ಮುಂದಂಚು 3 ಮಿಲಿಮೀಟರು ದಾರದ ಹತ್ತಿರ ಬಂದಿತ್ತು. ಆಚೆಯ ಚಕ್ರದಲ್ಲೂ ಅಷ್ಟೇ. ಅಂದರೆ ಎರಡು ಚಕ್ರಗಳೂ ಮೂತಿಯನ್ನು ಕೊಂಚ ಹೊರಕ್ಕೆ ತಿರುಗಿಸಿಕೊಂಡಿದ್ದವು. ಇದಕ್ಕೆ ಟೋ ಎಂದು ಹೆಸರು. ಟೋ ಅಂದರೆ ಕಾಲ್ಬೆರಳು, ಬೆರಳು ಎತ್ತ ನೋಡುತ್ತಿದೆ ಅನ್ನುವುದೇ ಪ್ರಶ್ನೆ. ಹೊರಗೆ ನೋಡಿದರೆ ಟೋ ಔಟ್. ಕ್ಯಾಂಬರ್ ಎಂದರೆ ಮನುಷ್ಯ ವಾಲಿಕೊಂಡು ನಿಲ್ಲುವುದು, ಟೋ ಎಂದರೆ ಮೈಸೂರಿಗೆ ಹೊರಟು ಮಾಗಡಿ ಕಡೆ ಪಾದ ತಿರುಗಿಸಿಕೊಂಡು ನಡೆಯುವುದು.

“ಮೂರು ಮಿಲಿಮೀಟರಾ?” ಎಂದು ಅಳಿಯ ಮೂಗು ಮುರಿದ. “ಹತ್ತು ಮಿಲಿಮೀಟರು ವಾಲಿದ್ದಾಗ ಎಂಟು ಸಾವಿರ ಓಡಿತ್ತು. ಇದು ಮೂರು.”

ಭಾವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ರಿಮ್ಮಿನ ಮುಂದಂಚಿನಿಂದ ಹಿಂದಂಚಿಗೆ 400 ಮಿಲಿಮೀಟರು. ಅಷ್ಟರಲ್ಲಿ 3 ಓರೆ. ಹಾಗಾದರೆ ಸಾವಿರಕ್ಕೆ ಏಳೂವರೆ. ಕಾರು ಒಂದು ಕಿಲೋಮೀಟರು ಮುಂದೆ ಹೋಗುವಾಗ ಈ ಟೈರಿನ ಪಾಲಿಗೆ ಏಳೂವರೆ ಮೀಟರು ಅಡ್ಡ ಉಜ್ಜಾಟ. ಬೆಂಗಳೂರಿನಿಂದ ಮೈಸೂರಿಗೆ 145 ಕಿಲೋಮೀಟರು ಎಂದಿಟ್ಟುಕೊಳ್ಳಿ. “ನೀನು ಮೈಸೂರು ಮುಟ್ಟುವಷ್ಟರಲ್ಲಿ ನಿನ್ನ ಟೈರನ್ನು ಡಾಂಬರಿನ ಮೇಲೆ ಒಂದು ಕಿಲೋಮೀಟರಿಗಿಂತ ಹೆಚ್ಚು ಅಡ್ಡಡ್ಡ ಎಳೆದುಕೊಂಡು ಹೋಗಿರುತ್ತೀಯ. ಹೋಗುತ್ತಾ ಒಂದು, ಬರುತ್ತಾ ಒಂದು. ತಿನ್ನದೆ ಏನು ಮಾಡತ್ತೆ?” ವಾಲಿದ ಟೈರು ವಾಲಿಕೊಂಡೇ ಉರುಳುತ್ತದೆ. ಒಳ ಅಂಚಿಗೆ ಭಾರ ಹೆಚ್ಚು ಬೀಳುವುದು ನಿಜ, ಆದರೆ ಅದು ನಿಧಾನದ ಸವೆತ. ಓರೆ ಟೈರು ಉರುಳುವುದರ ಜೊತೆಗೆ ಉಜ್ಜಿಕೊಳ್ಳುತ್ತದೆ. ತೆಂಗಿನಕಾಯಿ ನೆಲದ ಮೇಲೆ ಉರುಳಿದರೆ ಏನೂ ಆಗುವುದಿಲ್ಲ, ತುರಿಮಣೆಗೆ ಹಿಡಿದರೆ ಬರಿಯ ಕರಟ ಉಳಿಯುತ್ತದೆ.

ಪುರಾವೆ ಟೈರಿನಲ್ಲೇ ಇತ್ತು. ಭಾವ ನನ್ನ ಅಂಗೈಯನ್ನು ಟೈರಿನ ಹಲ್ಲುಗಳ ಮೇಲೆ ಅಡ್ಡವಾಗಿ ಸವರಿಸಿದರು, ತಂತಿಯ ಹತ್ತಿರ ಹೋಗದಂತೆ ಜೋಪಾನವಾಗಿ. ಒಂದು ಕಡೆಗೆ ಸವರಿದರೆ ಬೆಕ್ಕಿನ ಬೆನ್ನು, ಮರಳಿ ತಂದರೆ ಗರಗಸ. ಅಡ್ಡ ಎಳೆದ ಟೈರಿನ ರುಜು ಅದು. ಬರೀ ವಾಲಿನಿಂದ ಸವೆದದ್ದಾದರೆ ಎರಡು ಕಡೆಗೂ ನಯವಾಗಿರುತ್ತದೆ. ಇಷ್ಟು ದಿನ ಬೀದಿಯ ಪಂಡಿತರೆಲ್ಲ ಟೈರನ್ನು ನೋಡಿದ್ದರು, ಸವರಿದ್ದವರು ಒಬ್ಬರೂ ಇಲ್ಲ.

“ಸ್ಟೇರಿಂಗು ಒಂದು ಕಡೆಗೂ ಎಳೆಯುತ್ತಿರಲಿಲ್ಲವಲ್ಲ ಭಾವ?” ಎಂದೆ. ಅದೇ ಮೋಸ ಅಂದರು. ಎರಡು ಚಕ್ರವೂ ಸಮನಾಗಿ ಎರಡು ದಿಕ್ಕಿಗೆ ಎಳೆದರೆ ಗಾಡಿ ನೇರವಾಗಿಯೇ ಹೋಗುತ್ತದೆ. ಹಗ್ಗ ಜಗ್ಗಾಟದಲ್ಲಿ ಎರಡು ಕಡೆಯವರೂ ಸರಿಸಮ ಇದ್ದರೆ ಹಗ್ಗದ ನಡುವಿನ ಕರವಸ್ತ್ರ ಅಲುಗುವುದಿಲ್ಲ. ನೋಡಿದವರಿಗೆ ಶಾಂತಿ, ಸವೆಯುವುದು ಜಗ್ಗುವವರ ಅಂಗೈ. ಈ ಮಾತು ಹೇಳುವಾಗ ಭಾವ ಅಕ್ಕನ ಕಡೆ ನೋಡಲಿಲ್ಲ, ಅಕ್ಕ ಭಾವನ ಕಡೆ ನೋಡಲಿಲ್ಲ. ನಾಲ್ಕು ದಶಕಗಳಿಂದ ನೇರವಾಗಿ ಓಡುತ್ತಿರುವ ಸಂಸಾರ ಅದು.

ಇಷ್ಟಕ್ಕೂ ಬೆರಳು ತಿರುಗಿದ್ದು ಹೇಗೆ? ಸ್ಟೇರಿಂಗಿನ ಕಡ್ಡಿ, ಟೈ ರಾಡ್ ಅನ್ನುತ್ತಾರಲ್ಲ, ಅದು ಈ ಕಾರಿನಲ್ಲಿ ಚಕ್ರವನ್ನು ಹಿಂದಿನಿಂದ ಹಿಡಿದಿರುತ್ತದೆ. ಗಾಡಿ ಇಳಿದಾಗ ಆ ಕಡ್ಡಿ ಒಂದು ಕಮಾನಿನಲ್ಲಿ ತಿರುಗಿತು, ಕೆಳತೋಳು ಇನ್ನೊಂದು ಕಮಾನಿನಲ್ಲಿ. ಎರಡು ಉದ್ದ, ಎರಡು ಕೋನ, ಇಬ್ಬರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುವುದಿಲ್ಲ. ಅಲ್ಲೇ ಮೊದಲ ತಪ್ಪು. ಸ್ಪ್ರಿಂಗು ಹಾಕಿದವರು “ನಾಲ್ಕು ದಿನ ಓಡಿಸು, ಸ್ಪ್ರಿಂಗು ಕೂರಲಿ, ಆಮೇಲೆ ಅಲೈನ್‌ಮೆಂಟು” ಎಂದಿದ್ದರು, ಸರಿಯಾದ ಮಾತೇ. ಇವನು ನಾಲ್ಕು ದಿನವನ್ನು ಎಂಟು ಸಾವಿರ ಕಿಲೋಮೀಟರು ಎಂದು ಅರ್ಥ ಮಾಡಿಕೊಂಡ. ಮೊದಲ ಜೋಡಿ ಟೈರಿನಲ್ಲೂ ವಾಲಿನ ಜೊತೆ ಈ ಓರೆ ಕೈ ಜೋಡಿಸಿತ್ತು. ಎರಡನೇ ತಪ್ಪು ಬೋಲ್ಟಿನದು. ಚಕ್ರದ ನೆತ್ತಿಯನ್ನು ಹೊರಕ್ಕೆ ತಂದಾಗ ಇಡೀ ಗೆಣ್ಣು ಹೊರಕ್ಕೆ ಜರುಗುತ್ತದೆ. ಆದರೆ ಹಿಂದಿನಿಂದ ಟೈ ರಾಡು ಅಂಗಿ ಹಿಡಿದು ನಿಂತಿದೆ. ಹಿಂಭಾಗ ಬರಲಾರದು, ಮುಂಭಾಗ ಬಂತು, ಮೂತಿ ಹೊರಕ್ಕೆ ತಿರುಗಿತು. ಹೋದ ವಾರ ಸರಿಮಾಡಿದ್ದ ಟೋ ಈ ವಾರದ ಬೋಲ್ಟಿಗೆ ಆಹುತಿ. ಗ್ಯಾರೇಜಿನವರು ಮೊದಲು ಕ್ಯಾಂಬರು, ಕಟ್ಟಕಡೆಗೆ ಟೋ ಎನ್ನುವುದು ಇದಕ್ಕೇ. ಹಣೆಗೆ ಬೊಟ್ಟು ಇಟ್ಟು ಆಮೇಲೆ ಮುಖ ತೊಳೆಯುವವರು ಯಾರು?

ಮುಂದಿನದು ಬೇಗ ಹೇಳಿಬಿಡುತ್ತೇನೆ. ತೋಳಿನ ಬುಷ್ಷು, ಬಾಲ್ ಜಾಯಿಂಟು ಸಡಿಲ ಇಲ್ಲವೆಂದು ಮೊದಲು ಅಲುಗಿಸಿ ನೋಡಿದರು. ಅವು ಸಡಿಲವಿದ್ದರೆ ಅಲೈನ್‌ಮೆಂಟು ಮಾಡಿಸುವುದು ಅಲುಗುವ ಹಲ್ಲಿಗೆ ಚಿನ್ನ ಕಟ್ಟಿಸಿದಂತೆ. ಎಡ ಬಲ ಎತ್ತರ ಸಮ. ಹಿಂದಿನ ಅಚ್ಚು ಒಂದೇ ತೊಲೆಯದು, ಅದಕ್ಕೆ ತಿರುಗಿಸುವ ಬೋಲ್ಟೇ ಇಲ್ಲ. ಕೆಟ್ಟಿದ್ದರೆ ನಡುವೆ ತೆಳು ಬಿಲ್ಲೆ ಇಡಬೇಕಾಗುತ್ತಿತ್ತು, ಪುಣ್ಯಕ್ಕೆ ದಾರ ಅಲ್ಲಿ ತಕರಾರು ಹೇಳಲಿಲ್ಲ. ಭಾವನ ಅಳತೆಯ ಚೀಟಿ ಹಿಡಿದು ಅಳಿಯ ಮೆಷಿನ್ನಿರುವಲ್ಲಿಗೆ ಹೋದ. ಎರಡೂ ಟೈ ರಾಡುಗಳ ನಟ್ಟು ಸಡಿಲಿಸಿ, ಎರಡನ್ನೂ ಸಮನಾಗಿ ತಿರುಗಿಸಿ, ಟೋ ಸೊನ್ನೆಯ ಪಕ್ಕಕ್ಕೆ ತಂದರು. ಒಂದನ್ನೇ ತಿರುಗಿಸಿದ್ದರೆ ಸ್ಟೇರಿಂಗು ಸೊಟ್ಟಗೆ ಕೂರುತ್ತಿತ್ತು. ತಿದ್ದುವ ಮೊದಲು ಮೆಷಿನ್ನಿನ ಪರದೆಯಲ್ಲಿ ಕಂಡ ಅಂಕಿಗೂ ಮೇಸ್ತ್ರಿ ದಾರದ ಅಂಕಿಗೂ ಕೂದಲಿನಷ್ಟು ಅಂತರ. ಭಾವ ಆ ಪ್ರಿಂಟೌಟನ್ನು ಮಡಚಿ ಟ್ರಂಕಿನಲ್ಲಿಟ್ಟುಕೊಂಡಿದ್ದಾರೆ. ನಿವೃತ್ತಿಯ ದಿನ ಕೊಟ್ಟ ಬೆಳ್ಳಿ ಲೋಟಕ್ಕಿಂತ ಅದಕ್ಕೇ ಹೆಚ್ಚು ಮರ್ಯಾದೆ.

ಮೂರನೇ ಜೋಡಿ ಟೈರು ಹತ್ತು ಸಾವಿರ ಓಡಿತು. ಸವರಿದರೆ ಎರಡು ಕಡೆಗೂ ಬೆಕ್ಕಿನ ಬೆನ್ನು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಟೈರಿನ ಬಾಯಿ ಮುಚ್ಚಿಸಬಹುದು, ಹಂಪಿನ ಬಾಯಿ ಮುಚ್ಚಿಸಲಾಗುವುದಿಲ್ಲ. ಈ ಕಾರಿನ ಹೊಟ್ಟೆ ನೆಲದಿಂದ 170 ಮಿಲಿಮೀಟರು ಮೇಲಿತ್ತು. 40 ಕಳೆದರೆ 130. ಭಾವನ ಶಾಸ್ತ್ರೋಕ್ತ ಹಂಪಿನ ಎತ್ತರವೇ 100. ಉಳಿದ ಮೂವತ್ತರಲ್ಲಿ ಜನ ಕೂತರೆ ಎಷ್ಟು ಕುಸಿಯುತ್ತದೆ ಎಂಬುದನ್ನು, ಅಳಿಯನಿಗೆ ಹೆಣ್ಣು ನೋಡಲು ನಾವು ಐವರು ತುಮಕೂರಿಗೆ ಹೋದ ದಿನ ಕಂಡೆವು. ಪ್ರತಿ ಹಂಪಿಗೂ ನಾಲ್ವರು ಇಳಿದು ನಡೆದು, ಆಚೆ ಹೋಗಿ ಮತ್ತೆ ಹತ್ತಿದೆವು. ಹಿಂದೆ ಘಾಟಿ ಬಂದರೆ ಎತ್ತುಗಳ ಮೇಲಿನ ಕರುಣೆಯಿಂದ ಗಾಡಿ ಇಳಿದು ನಡೆಯುತ್ತಿದ್ದರಂತೆ. ರೇಷ್ಮೆ ಸೀರೆಯ ಅಕ್ಕನಿಗೆ ಕರುಣೆ ಏಳನೇ ಹಂಪಿಗೆ ಮುಗಿಯಿತು. ದಾರಿಯುದ್ದಕ್ಕೂ ಭಾವ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿನ್ಯಾಸ ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಎಲ್ಲವನ್ನೂ ಒಪ್ಪಿಸಿದರು. ಅಳಿಯ ಕಾಯ್ದೆಗೆ ಬಗ್ಗಲಿಲ್ಲ. ಹುಡುಗಿ ಗೇಟಿನವರೆಗೆ ಬಂದು, “ಈ ಕಾರು ಯಾಕೆ ಕೂತಿದೆ?” ಎಂದು ಕೇಳಿದ್ದಕ್ಕೆ ಬಗ್ಗಿದ.

ಹಳೆಯ ಸ್ಪ್ರಿಂಗುಗಳು ಅಟ್ಟದಿಂದ ಇಳಿದವು, ಗಾಡಿ ಮೇಲೆದ್ದಿತು. ಎತ್ತರ ಬದಲಾಯಿತು ಎಂದ ಮೇಲೆ ಬೆರಳು ಮತ್ತೆ ಎತ್ತಲೋ ನೋಡಲೇಬೇಕು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಅವನೇ ಅಕ್ಕಿಮೂಟೆ ಹೊತ್ತು ತಂದು ಸೀಟಿನಲ್ಲಿ ಕೂರಿಸಿ, ದಾರದ ಇನ್ನೊಂದು ತುದಿ ಹಿಡಿಯಲು ಅಪ್ಪನನ್ನು ಕರೆದ.

ನಿನ್ನೆ ಸಂಜೆ ಅವರ ಮನೆಯಲ್ಲೇ ಇದ್ದೆ. ಅಳಿಯ ಬಂದದ್ದು ಯಾರಿಗೂ ತಿಳಿಯಲಿಲ್ಲ. ಹಂಪು ಸುಮ್ಮನಿತ್ತು. ಎದುರು ಮನೆಯ ಅಜ್ಜಿ ಮಾತ್ರೆ ಮರೆತಿದ್ದರು. ತಟ್ಟೆಯ ಮುಂದೆ ಕೂತು ಅವನು, “ಅಮ್ಮಾ, ಸಾರು ತಣ್ಣಗಿದೆ” ಎಂದು ಕೂಗಿದ.

“ಸದ್ದಿಲ್ಲದೆ ಬಂದವರನ್ನು ಯಾರೋ ಗಮನಿಸ್ತಾರೆ?” ಎಂದಳು ಅಕ್ಕ ಒಳಗಿನಿಂದ.

ಭಾವ ಪೇಪರಿನ ಮರೆಯಲ್ಲಿ ಮೂರು ಬೆರಳು ಎತ್ತಿ ನನಗೆ ತೋರಿಸಿದರು. ಮೂರು ಮಿಲಿಮೀಟರು.